ಐದು ಚಮಚ, ಒಂದು ಚೌಕ

ಜೂನ್ 3, ಮಧ್ಯಾಹ್ನ 1.40

ಎಂಟನೇ ಚೌಕ. ಹಳದಿ ದಾರ ಮುಗಿಯಿತು, ಅಂಚಿಗೆ ಬೂದುಬಣ್ಣ ಸೇರಿಸಿದೆ. ಚೆನ್ನಾಗಿಲ್ಲ. ಇಲ್ಲದಿದ್ದರೆ ಇಲ್ಲ, ಯಾರು ಬಂದು ನೋಡಬೇಕು.

ಇವರು ಎದುರಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ — ಬೆನ್ನಿಗೆ ಎರಡು ದಿಂಬು, ಮೂಗಿನಲ್ಲಿ ಟ್ಯೂಬು, ಮುಖದ ತುಂಬ ಸಿಟ್ಟು. ಬಾಯಿಂದ ತಿಂದದ್ದು ಐದೇ ಚಮಚ. ಆದರೂ ಅರ್ಧ ಗಂಟೆ ಮಲಗುವಂತಿಲ್ಲ, ಗಂಟಲ ಡಾಕ್ಟರಮ್ಮನ ಅಪ್ಪಣೆ. ಕ್ರೋಶಾದಲ್ಲಿ ಒಂದು ಚೌಕಕ್ಕೆ ನನ್ನ ಕೈಗೆ ಸರಿಯಾಗಿ ಅರ್ಧ ಗಂಟೆ ಬೇಕು. ಹಾಗಾಗಿ ಗಡಿಯಾರ ನೋಡುವುದಿಲ್ಲ. ಚೌಕ ಮುಗಿಯಿತೋ, ಮಲಗಬಹುದು.

ಸ್ಟ್ರೋಕ್ ಆಗಿ ಇವತ್ತಿಗೆ ಇಪ್ಪತ್ತಾರು ದಿನ. ಕೈಕಾಲು ಹೆಚ್ಚುಕಡಿಮೆ ವಾಪಸು ಬಂದಿವೆ. ಮಾತು ಒಂದೊಂದೇ ಪದ. ನುಂಗುವುದೊಂದು ಬಂದಿಲ್ಲ. ಅದನ್ನು ಕಲಿಸುವವಳೇ ಗಂಟಲ ಡಾಕ್ಟರಮ್ಮ, ನಮಗೆ ಮಗಳಿದ್ದಿದ್ದರೆ ಅಷ್ಟೇ ವಯಸ್ಸು. ಖಡಾಖಂಡಿತ ಹೇಳಿಬಿಟ್ಟಿದ್ದಾಳೆ: ಇಪ್ಪತ್ತೈದನೇ ತಾರೀಖು ಪರೀಕ್ಷೆ. ಅರ್ಧ ಕಪ್ ಅರೆದ ಊಟ ಕೆಮ್ಮದೆ ನುಂಗಿದರೆ ಟ್ಯೂಬು ತೆಗೆಯುತ್ತಾರೆ. ಇಲ್ಲವಾದರೆ ಹೊಟ್ಟೆಗೆ ತೂತು ಮಾಡಿ, ಟ್ಯೂಬು ಅಲ್ಲಿಗೆ.

ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ನಾನೂರು ಜನಕ್ಕೆ ಬೇಯಿಸಿ ಬಡಿಸಿದ ಮನುಷ್ಯ ಇವರು.

ಜೂನ್ 5

ನನಗೆ ಅಡುಗೆ ಬರುವುದಿಲ್ಲ. ಬರೆದರೇನು ತಪ್ಪು, ಓದುವವರು ಯಾರೂ ಇಲ್ಲವಲ್ಲ. ಮದುವೆಯಾದ ವಾರಕ್ಕೇ ಇವರು ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ನಾನೂ ಕೊಟ್ಟು ಹಾಯಾಗಿದ್ದೆ. ಪೋಸ್ಟಾಫೀಸಿನ ಕೌಂಟರ್ ಮುಚ್ಚಿ ಬರುವಷ್ಟರಲ್ಲಿ ತಟ್ಟೆ ತಯಾರು. ಉಂಡು, ಕೈ ತೊಳೆದು, ಕ್ರೋಶಾ ಹಿಡಿದು ಕೂರುತ್ತಿದ್ದೆ. ಮಹಾರಾಣಿ!

ಈಗ ಮನೆಯಲ್ಲಿ ಏನು ಸಿಕ್ಕಿತೋ ಅದೇ ಅಡುಗೆ. ಇವತ್ತು ಅರ್ಧ ಸಿಹಿಗುಂಬಳ, ಒಂದು ಹಿಡಿ ಬೇಳೆ, ಒಣಗಿದ ಬ್ರೆಡ್ಡು. ಬೇಯಿಸಿದೆ, ಮಿಕ್ಸಿಗೆ ಹಾಕಿದೆ, ಸೋಸಿದೆ. ಚಮಚ ಓರೆ ಮಾಡಿದರೆ ಹರಿಯಕೂಡದು, ಮುದ್ದೆಯಾಗಿ ಜಾರಿ ಬೀಳಬೇಕು — ಅದು ಹದ. ಹದವೇನೋ ಬಂತು. ರುಚಿ... ಬೇಡ. ಎರಡನೇ ಚಮಚಕ್ಕೆ ಇವರು ಕೆಮ್ಮಿದರು. ಮೂರನೆಯದಕ್ಕೆ ಬಾಯಿ ಬಿಗಿಹಿಡಿದು ಗೋಡೆ ಕಡೆ ತಿರುಗಿದರು. ಗಂಟಲಿನ ಸಮಸ್ಯೆಯೋ ನನ್ನ ಅಡುಗೆಯ ಸಮಸ್ಯೆಯೋ, ಹೇಗೆ ಗೊತ್ತಾಗಬೇಕು?

ಜೂನ್ 9

ನಾದಿನಿ ಬಂದಿದ್ದಳು. ಅಣ್ಣನೆಂದರೆ ಅವಳಿಗೆ ಪ್ರಾಣ. ತರಕಾರಿ ತರಲು ಕೆಳಗಿಳಿದೆ, ಹತ್ತೇ ನಿಮಿಷ. ಮೆಟ್ಟಿಲಲ್ಲೇ ಕೆಮ್ಮು ಕೇಳಿಸಿತು. ಓಡಿದೆ. ಇವರ ಮುಖ ಕಪ್ಪಿಟ್ಟಿದೆ, ಅವಳ ಕೈಯಲ್ಲಿ ಲೋಟ.

"ನೀರು ನೀರು ಅಂದ, ಅತ್ತಿಗೆ. ನೋಡಕ್ಕಾಗ್ಲಿಲ್ಲ. ಒಂದೇ ಗುಟುಕು ಕೊಟ್ಟೆ."

ಇವರಿಗೆ ನೀರೇ ವಿಷ. ತೆಳ್ಳಗಿರುವುದೆಲ್ಲ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ನೂರು ಸಲ ಹೇಳಿದ್ದೆ. ಬಾಯಿಗೆ ಬಂದಂತೆ ಬೈದೆ. ಅಳುತ್ತಲೇ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಸಂಜೆ 6 — ಮೈ ಬಿಸಿ. ಆಟೋಗೆ ಹೇಳಿದ್ದೇನೆ.

ಜೂನ್ 15

ಆರು ದಿನ ಆಸ್ಪತ್ರೆ. ಶ್ವಾಸಕೋಶದಲ್ಲಿ ಸೋಂಕು. ಇಂಜೆಕ್ಷನ್, ಆಕ್ಸಿಜನ್. ಜ್ವರ ಬಿಟ್ಟಿದೆ, ಮನೆಗೆ ಬಂದೆವು. ಬಾಯಿಗೆ ಏನೂ ಕೊಡಕೂಡದು ಎಂದಿದ್ದರಿಂದ ಚೌಕವೂ ಇಲ್ಲ. ವಾರ್ಡಿನ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ. ಇವರು ಹೋಗಿಬಿಡುತ್ತಾರೆ ಅನ್ನಿಸಿತ್ತು. ಅನ್ನಿಸಿದ್ದನ್ನು ಯಾರಿಗೂ ಹೇಳಿಲ್ಲ.

ಇನ್ನೊಂದನ್ನೂ ಹೇಳಿಲ್ಲ. ಆಸ್ಪತ್ರೆಗೆ ಹೋಗುವ ಮೊದಲು ಒಂದು ದಿನ ಇವರು ಫ್ರಿಜ್ ಕಡೆ ಕೈ ತೋರಿಸಿದಾಗ ನಾನೂ ಐಸ್ ತುಂಡೊಂದನ್ನು ಬಟ್ಟಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದಿದ್ದೆ. ಆಮೇಲೆ ಹೋಗಿ ಸಿಂಕಿಗೆ ಚೆಲ್ಲಿದೆ. ಬೈಯಲು ನನಗೇನು ಹಕ್ಕು...

ನಾಳೆಯಿಂದ ಮತ್ತೆ ಐದು ಚಮಚ. ಪರೀಕ್ಷೆಯ ತಾರೀಖು ಮುಂದೆ ಹೋಗಿಲ್ಲ. ಇನ್ನು ಹತ್ತೇ ದಿನ.

ಜೂನ್ 17, ಮಧ್ಯಾಹ್ನ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಎಣಿಸುವುದು ನನ್ನ ಚಾಳಿ. ಒಲೆಯ ಮುಂದೆಯೂ ಕ್ರೋಶಾ ಕಡ್ಡಿ ಕೈಯಲ್ಲೇ. ಒಂದು ಸಾಲು ಹೆಣೆದು ಒಂದು ಸಲ ಕೈಯಾಡಿಸುವುದು, ಆರನೇ ಸಾಲಿಗೆ ಇಳಿಸಿ ಅರ್ಧ ನಿಂಬೆ ಹಿಂಡುವುದು. ಇವತ್ತು ಆರನೇ ಸಾಲು ಮುಗಿಸಿದೆ, ಹಿಂಡಿದೆ. ನೋಡಿದರೆ ಐದರಲ್ಲಿ ಒಂದು ಕುಣಿಕೆ ಬಿಟ್ಟುಹೋಗಿದೆ. ಎರಡೂ ಸಾಲು ಬಿಚ್ಚಿ ಮತ್ತೆ ಹೆಣೆದೆ. ಮತ್ತೆ ಆರು ಬಂತು, ಕೈ ತನ್ನಷ್ಟಕ್ಕೆ ಮತ್ತೆ ಹಿಂಡಿತು. ಕಸದ ಬುಟ್ಟಿಯಲ್ಲಿ ಹಿಂಡಿದ ಎರಡು ಹೋಳು ಕಂಡದ್ದು ಎಲ್ಲ ಆದಮೇಲೆ.

ಮೊದಲ ಚಮಚ. ಇವರ ಕಣ್ಣು ಮುಚ್ಚಿತು, ಭುಜ ಕಿವಿಯವರೆಗೆ ಏರಿತು, ಮುಖ ಕಿವುಚಿಕೊಂಡಿತು. ಸತ್ತೆ ಅಂದುಕೊಂಡೆ. ಅಷ್ಟರಲ್ಲಿ ಗಂಟಲಿನ ಗುಬಟು ಮೇಲೆದ್ದು ಕೆಳಗಿಳಿಯಿತು. ಗುಳಕ್. ಕಾದೆ. ಕೆಮ್ಮು ಬರಲಿಲ್ಲ.

ಇವರೇ ಬಾಯಿ ತೆರೆದರು.

ಐದೂ ಚಮಚ. ಒಂದಕ್ಕೂ ಕೆಮ್ಮಿಲ್ಲ.

ಜೂನ್ 18

ಫೋನ್ ಮಾಡಿ ಹೇಳಿದ್ದಕ್ಕೆ ಡಾಕ್ಟರಮ್ಮ ತಾನೇ ಬಂದು ನೋಡಿದಳು. ಇವರ ಗಂಟಲಿಗೆ ಎರಡು ಬೆರಳಿಟ್ಟು, ಹುಳಿಯದೊಂದು, ಸಪ್ಪೆಯದೊಂದು ಕೊಟ್ಟಳು. ಸಪ್ಪೆಗೆ ಕೆಮ್ಮು, ಹುಳಿಗೆ ಇಲ್ಲ. ಕೆಲವರಿಗೆ ಹುಳಿ ಗಂಟಲನ್ನು ಎಬ್ಬಿಸುತ್ತದಂತೆ. ಹುಳಿ ಕೊಡುವುದನ್ನು ನಾಳೆ ಬಂದು ತಾನೇ ಶುರುಮಾಡಬೇಕೆಂದಿದ್ದಳಂತೆ. ನಿಮಗ್ಯಾರು ಹೇಳಿಕೊಟ್ಟರು ಎಂದು ಕೇಳಿದಳು. ಸಾಲು ಬಿಚ್ಚಬೇಕಾಯಿತು ಎಂದೆ. ನನ್ನ ಮುಖ ನೋಡಿ, ಸ್ವಲ್ಪ ನಿದ್ದೆ ಮಾಡಿ ಅಮ್ಮ ಎಂದಳು.

ಇನ್ನು ಮೇಲೆ ದಿನಕ್ಕೆ ಐದಲ್ಲ, ಹತ್ತು ಚಮಚ.

ನಾದಿನಿಗೆ ಫೋನ್ ಮಾಡಿದೆ. ಐಸಿನ ಸಂಗತಿಯನ್ನೂ ಹೇಳಿದೆ. ಅತ್ತ ಕಡೆ ಮೂಗು ಸೊರಗುಟ್ಟಿದ್ದು ಕೇಳಿಸಿತು. ಬಾ, ಚೌಕ ಜೋಡಿಸಲು ಕೈ ಬೇಕು ಎಂದೆ.

ಜೂನ್ 22

ಟೊಮೇಟೊ–ಆಲೂಗಡ್ಡೆ. ಹುಳಿಮೊಸರು–ಕ್ಯಾರೆಟ್. ನಿನ್ನೆಯ ಬೇಳೆಗೆ ಇವತ್ತಿನ ನಿಂಬೆ. ಇಂಥ ಅಡುಗೆಗೆ ಹೆಸರಿಲ್ಲ, ಇಡುವವರಿಗೆ ನಾಚಿಕೆಯಾದೀತು. ಇವರು ಅಡುಗೆಮನೆ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡು ಮೇಸ್ತ್ರಿಗಿರಿ ಶುರುಮಾಡಿದ್ದಾರೆ. "ಉರಿ," ಎನ್ನುತ್ತಾರೆ. ಸಣ್ಣ ಮಾಡುತ್ತೇನೆ. "ಸೀದಿತು." ಸೀದಿರುತ್ತದೆ. ನನಗೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ. ನಾದಿನಿ ಸೂಜಿ ಹಿಡಿದು ಪಕ್ಕದಲ್ಲಿ ಕೂತು ನಗುತ್ತಾಳೆ. ಅವಳ ಹೊಲಿಗೆ ಸೊಟ್ಟ. ಸುಮ್ಮನಿದ್ದೇನೆ.

ಜೂನ್ 25, ಸಂಜೆ 4

ಪಾಸು.

ಆಸ್ಪತ್ರೆಯ ಎಕ್ಸ್‌ರೇ ಪರದೆಯ ಮೇಲೆ ಒಂದೊಂದು ತುತ್ತೂ ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು. ಅರ್ಧ ಕಪ್ ಪೂರ್ತಿ, ಒಂದು ಹನಿಯೂ ಅಡ್ಡದಾರಿ ಹಿಡಿಯಲಿಲ್ಲ. ಡಾಕ್ಟರಮ್ಮ ಅಲ್ಲೇ ಟ್ಯೂಬು ಎಳೆದು ತೆಗೆದಳು. ಇವರು ಮೂರು ಸಲ ಸೀನಿದರು. ನಾನು ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಮನಸಾರೆ ಅತ್ತೆ. ಎದೆ ಮೇಲಿದ್ದ ಬಂಡೆ ಇಳಿಯಿತು. ಬೇರೆ ಹೇಗೆ ಬರೆಯಬೇಕೋ ಗೊತ್ತಿಲ್ಲ.

ನೀರು ಈಗಲೂ ಹಾಗೇ ಕೊಡುವಂತಿಲ್ಲ, ಪುಡಿ ಬೆರೆಸಿ ಗಟ್ಟಿ ಮಾಡಿಕೊಡಬೇಕು. ಇರಲಿ. ಮಾಡೋಣ.

ಜೂನ್ 26, ಮಧ್ಯಾಹ್ನ 1

ಟ್ಯೂಬಿಲ್ಲದ ಮೊದಲ ಊಟ. ಮೇಜಿನ ಮೇಲೆ ಎರಡು ತಟ್ಟೆ ಇಟ್ಟೆ. ಮೂಗು ಬರಿದಾಗಿ, ಯಾರದೋ ಮುಖದಂತಿತ್ತು ಇವರದು. ಚಮಚ ತಾವೇ ಹಿಡಿದರು. ನಿಧಾನ, ಒಂದೊಂದೇ ತುತ್ತು, ಗದ್ದ ಬಗ್ಗಿಸಿ. ಆರಾಯಿತು, ಹತ್ತಾಯಿತು. ಎಣಿಸುವುದನ್ನು ಬಿಟ್ಟೆ. ತಟ್ಟೆ ಬಳಿದರು. ನನ್ನ ತಟ್ಟೆಯದನ್ನೂ ಅವರ ಕಡೆ ಜರುಗಿಸಿದೆ, ಅದೂ ಆಯಿತು. ಆಮೇಲೆ ಪಾತ್ರೆಯೊಳಗೆ ಇಣುಕಿ ನೋಡಿದರು.

"ಇನ್ನಿದೆಯಾ?"

ಇರಲಿಲ್ಲ. ಮೂವತ್ತೊಂದು ವರ್ಷ ಈ ಮನೆಯಲ್ಲಿ ಆ ಪ್ರಶ್ನೆ ಕೇಳುತ್ತಿದ್ದವಳು ನಾನು. ಒಂದು ದಿನವೂ ಇಲ್ಲವೆಂದವರಲ್ಲ ಇವರು.

ಕುಕ್ಕರ್ ಇಟ್ಟಿದ್ದೇನೆ. ಎರಡು ಆಲೂಗಡ್ಡೆ ಹಾಕಿದೆ, ಮುಚ್ಚಳ ತೆಗೆದು ಮತ್ತೆ ಎರಡು ಹಾಕಿದೆ. ಒಲೆಯ ಪಕ್ಕ ನಿಂತೇ ಬರೆಯುತ್ತಿದ್ದೇನೆ. ಆಯಿತಾ, ಆಯಿತಾ ಎಂದು ತಟ್ಟೆ ಬಡಿಯುತ್ತಿದ್ದಾರೆ. ಬಂದೆ ರೀ, ಇನ್ನೂ ಒಂದು ಸೀಟಿ