ಒಸಡಿನೊಳಗಿನ ಸಿಮೆಂಟು

ಹೂವಿನಹಡಗಲಿ
12 ನವೆಂಬರ್ 2025

ಲೇ ಅಮೃತಾ,

ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಮತ್ತೆ ವಾದಕ್ಕಿಳಿಯುತ್ತೇನೆ, ಅದಕ್ಕೇ ಕಾಗದ. ನೀನು ಹೇಳಿದ್ದೇ ಸರಿ.

ಅವತ್ತು ಹರಪನಹಳ್ಳಿಯ ನಿನ್ನ ಕ್ಲಿನಿಕ್ಕಿನಲ್ಲಿ ನೀನು, ದವಡೆ ಎಲುಬಿಗೆ ಬಿಗಿದ ಇಂಪ್ಲಾಂಟ್ ಮೇಲೆ ಹಲ್ಲಿನ ಕ್ಯಾಪ್ ಕೂರಿಸಲು ಆ ಗಟ್ಟಿ ಸಿಮೆಂಟು ಬೇಡ, ಒಸಡಿನೊಳಗೆ ಉಳಿದರೆ ಎಕ್ಸ್‌ರೇಗೂ ಕಾಣುವುದಿಲ್ಲ ಅಂದೆ. ನಾನು ಕೂರಿಸಿದ ಕ್ಯಾಪ್ ಇದುವರೆಗೆ ಒಂದೂ ಕಳಚಿ ಬಿದ್ದಿಲ್ಲ ಅಂತ ನಾನು ಎದ್ದು ಬಂದುಬಿಟ್ಟೆ.

ಇಲ್ಲಿ ಹುಲುಗಮ್ಮ ಅಂತ ಒಬ್ಬರಿದ್ದಾರೆ, ಬಸ್‌ಸ್ಟ್ಯಾಂಡ್ ಹತ್ತಿರ ಮಲ್ಲಿಗೆ ಕಟ್ಟಿ ಮಾರುತ್ತಾರೆ. ಅವರ ಮುಂದಿನ ಹಲ್ಲಿನ ಜಾಗಕ್ಕೆ ನಾನೇ ಇಂಪ್ಲಾಂಟ್ ಹಾಕಿ, ಅದೇ ಗಟ್ಟಿ ಸಿಮೆಂಟಿನಿಂದ ಕ್ಯಾಪ್ ಕೂರಿಸಿದ್ದೆ. ಆರು ತಿಂಗಳಿಗೆ ಒಸಡು ಊದಿ ರಕ್ತ ಜಿನುಗತೊಡಗಿತು. ನೀವು ಸರಿಯಾಗಿ ತಿಕ್ಕುವುದಿಲ್ಲ ಅಂತ ಎರಡು ಸಲ ಬೈದು ಕಳಿಸಿದೆ. ಮೂರನೇ ಸಲ ಅವರು ಸೆರಗಿನ ಗಂಟು ಬಿಚ್ಚಿ ಬ್ರಷ್ ತೆಗೆದು ಮೇಜಿನ ಮೇಲಿಟ್ಟರು. ಕೂದಲೆಲ್ಲ ಸವೆದು ಚಪ್ಪಟೆಯಾಗಿತ್ತು.

"ನೋಡ್ರಿ ಡಾಕ್ಟ್ರೇ, ಎರಡು ಹೊತ್ತು ತಿಕ್ತೀನಿ. ನಾ ಸುಳ್ಳು ಹೇಳಾಕಿ ಅಲ್ಲ."

ನಾಚಿಕೆಯಾಯಿತು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಒಸಡು ಬಿಡಿಸಿ ನೋಡಿದರೆ ಕ್ಯಾಪಿನಡಿ ಅಕ್ಕಿನುಚ್ಚಿನಷ್ಟು ನನ್ನದೇ ಸಿಮೆಂಟು! ಕ್ಯಾಪ್ ಬಿಚ್ಚಿ ಬರಲಿಲ್ಲ; ಕೊಯ್ದೇ ತೆಗೆದೆ. ಇಂಪ್ಲಾಂಟೇ ಹೋಗುತ್ತದೇನೋ ಅಂತ ಹೆದರಿದ್ದೆ. ಪುಣ್ಯಕ್ಕೆ ಎಲುಬು ಸ್ವಲ್ಪವೇ ಸವೆದಿತ್ತು.

ತಪ್ಪು ನನ್ನದು ಅಂತ ಅವರಿಗೆ ಹೇಳಿ, ಬೈಸಿಕೊಳ್ಳಲು ಕೂತೆ. ಅವರು, "ಹಂಗಾರ ಇದನ್ನ ನಮ್ಮ ಸೊಸಿಗೆ ಒಂದ್ ಮಾತು ಹೇಳ್ರಿ. ನಾ ತಿಕ್ಕಂಗಿಲ್ಲ ಅಂತ ದಿನಾ ಅಂತಾಳ" ಅಂದರು. ಹೊರಗೆ ಕೂತಿದ್ದ ಸೊಸೆಯನ್ನು ಕರೆದು ಹೇಳಿದೆ. ಹುಲುಗಮ್ಮನವರ ಮುಖ ನೀನು ನೋಡಬೇಕಿತ್ತು.

ಒಸಡು ಮಾಗಿದ ಮೇಲೆ ಹೊಸ ಕ್ಯಾಪ್ ಕೂರಿಸಿದೆ, ನೀನು ಹೇಳಿದ, ಬೇಕಾದಾಗ ಬಿಚ್ಚಲು ಬರುವ ಸಿಮೆಂಟಿನಿಂದ, ತೆಳ್ಳಗೆ ಸವರಿ. ಅದು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಒಂದು ಚೂರೂ ಹೊರಗುಳಿದಿಲ್ಲ. ಇವತ್ತು ಬೆಳಿಗ್ಗೆ ತೋರಿಸಲು ಬಂದಿದ್ದರು. ರಕ್ತವಿಲ್ಲ, ಊತವಿಲ್ಲ. ಒಂದು ಮೊಳ ಮಲ್ಲಿಗೆ ಕೊಟ್ಟರು, ಮುಡಿದುಕೊಂಡೇ ಬರೆಯುತ್ತಿದ್ದೇನೆ. ತುಂಬ ದಿನಕ್ಕೆ ಮನಸ್ಸು ಹಗುರಾಗಿದೆ.

ನಿನ್ನ ಮೊಂಡ ಗೆಳತಿ,
ಸಮತಾ

ತಾ.ಕ.: ಆ ಗಟ್ಟಿ ಸಿಮೆಂಟು ಹಾಕಿದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ನೋಡುತ್ತಿದ್ದೇನೆ. ನಮ್ಮ ಅವ್ವನೂ ಅವರಲ್ಲೊಬ್ಬಳು. ಅವಳಿಗೆ ನಾಲ್ಕು ತಿಂಗಳಿಂದ ರಕ್ತ ಬರುತ್ತಿದೆಯಂತೆ. ಮಗಳಿಗೆ ಬೇಜಾರಾದೀತು ಅಂತ ಬಾಯಿ ಬಿಟ್ಟಿಲ್ಲ. ಭಾನುವಾರ ಕರೆದುಕೊಂಡು ಬರುತ್ತೇನೆ. ನೀನೇ ನೋಡು. ನಾನು ಪಕ್ಕದಲ್ಲಿ ಅವಳ ಕೈ ಹಿಡಿದುಕೊಂಡು ಕೂತಿರುತ್ತೇನೆ.