ಹದಿನೇಳನೇ ಸಾಲಿನ ಆರು ಪ್ರಶ್ನೆ

13 ಏಪ್ರಿಲ್ 2020, ಸೋಮವಾರ

ಮೂವತ್ತೊಂದು ಫೋನ್ ಆದವು, ಇನ್ನೂ ಹದಿನೈದು ಬಾಕಿ. ಕಿವಿ ಕಾದ ಹಂಚಾಗಿದೆ. ಚಹಾ ತಣ್ಣಗಾಗಿದೆ, ಕುಡಿಯಲೇಬೇಕು — ಕ್ಯಾಂಟೀನ್ ಮುಚ್ಚಿ ಮೂರು ವಾರವಾಯಿತು.

ನ್ಯೂರೋ ವಾರ್ಡಿನಿಂದ ತೆಗೆದು ನನ್ನನ್ನು ಫೋನಿಗೆ ಕೂರಿಸಿದ್ದಾರೆ ಸರ್ಜನ್ ಸಿದ್ದರಾಮ ಸರ್. ಲಾಕ್‌ಡೌನ್‌ನಿಂದ ತಲೆ, ಬೆನ್ನುಹುರಿ ಆಪರೇಷನ್ ಮುಂದಕ್ಕೆ ಹೋದವರು ನಲವತ್ತಾರು ಜನ. ಪ್ರತಿ ಸೋಮವಾರ ಒಬ್ಬೊಬ್ಬರಿಗೂ ಆರು ಪ್ರಶ್ನೆ. ತಲೆನೋವು ಹೆಚ್ಚಾಗಿದೆಯೇ? ವಾಂತಿ? ಫಿಟ್ಸ್? ಕೈಕಾಲಿನಲ್ಲಿ ಶಕ್ತಿ ಕಡಿಮೆ? ಕಣ್ಣು ಮಂಜು? ಮೂತ್ರದ ಹತೋಟಿ ತಪ್ಪಿದೆಯೇ? ಒಂದಕ್ಕೆ ‘ಹೌದು’ ಅಂದರೂ ಕೆಂಪು ಗುರುತು ಹಾಕಿ ಸರ್‌ಗೆ ತೋರಿಸಬೇಕು, ಅವರು ಕರೆಸುತ್ತಾರೆ. ವಾರಕ್ಕೆ ಎರಡೇ ಆಪರೇಷನ್. ಮುಂದೆ ಇದೇ ಸ್ಟಡಿ ಆಗುತ್ತದಂತೆ. ಫೋನಿನಲ್ಲಿ ಕೇಳಿ ರೋಗಿಯನ್ನು ಕಾಯಬಹುದೇ ಎಂದು.

ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಗೆ ಮೂತ್ರದ ಪ್ರಶ್ನೆ ಕೇಳಿದೆ. ‘ಅದನ್ಯಾಕ ಕೇಳ್ತೀರಿ ಸಿಸ್ಟರ್, ಅಂಗಡ್ಯಾಗ ಮಂದಿ ಅದಾರ’ ಅಂದ. ಲಾಕ್‌ಡೌನ್‌ನಲ್ಲೂ ಅಂಗಡಿ ತೆಗೆದಿದ್ದಾನೆ ಅಂತ ಅಲ್ಲೇ ಸಿಕ್ಕಿಬಿದ್ದ!

ಪಟ್ಟಿಯ ಹದಿನೇಳನೇ ಸಾಲು — ಸಾವಕ್ಕ, 44, ಹರ್ತಿ. ನಮ್ಮಕ್ಕ. ಮೆದುಳಿನ ಪೊರೆಯಲ್ಲಿ ಬಲಗಡೆ ಹಿಂದೆ ಗಡ್ಡೆ, ನಿಂಬೆಹಣ್ಣಿನಷ್ಟು. ಕ್ಯಾನ್ಸರ್ ಅಲ್ಲ, ಬೆಳೆಯುವುದೂ ನಿಧಾನ. ಮಾರ್ಚ್ 30ಕ್ಕೆ ಡೇಟ್ ಇತ್ತು. ‘ಸದ್ಯ ಬರಬೇಡ’ ಅಂದವಳು ನಾನೇ. ಇಲ್ಲಿ ಬಂದು ಕೊರೊನಾ ಹಚ್ಚಿಕೊಂಡರೆ?

ಆಕೆಗೂ ಫೋನ್ ಮಾಡಿದೆ. ಕೌದಿ ಹೊಲಿಯಲು ಕೂತಿದ್ದಾಳಂತೆ, ನನಗೆ. ಅವ್ವನ ಹಳೆ ಸೀರೆಗಳೆಲ್ಲ ಅದರಲ್ಲಿ. ‘ಪಂಚಮಿಗೆ ಮುಗಸ್ತೀನಿ. ನೀ ಬಂದು ಒಯ್ಯಿ’ ಅಂದಳು. ಹತ್ತು ನಿಮಿಷ ಹರಟೆ ಹೊಡೆದೆವು. ಆರಾಮಾಗಿದ್ದಾಳೆ. ಫಾರ್ಮಿನ ಆರೂ ಚೌಕಕ್ಕೆ ‘ಇಲ್ಲ’ ಗುರುತು ಹಾಕಿದೆ.

ಆ ಪ್ರಶ್ನೆಗಳನ್ನು ಕೇಳಲಿಲ್ಲ. ಅವ್ವ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು. ಆಕೆಗೆ ಫಾರ್ಮ್ ಹಿಡಿದು ‘ಮೂತ್ರದ ಹತೋಟಿ ತಪ್ಪಿದೆಯೇ’ ಅಂತ ಕೇಳುವುದೆ? ಅದೂ ಭಾವನ ಫೋನು, ಸ್ಪೀಕರ್ ಹಾಕಿ ಅತ್ತೆಯ ಎದುರಿಗೇ ಮಾತಾಡುವ ಮನೆ.

4 ಮೇ, ಸೋಮವಾರ

ಇಂದು ಎರಡು ಕೆಂಪು. ಮುಂಡರಗಿಯ ಒಬ್ಬರಿಗೆ ಫಿಟ್ಸ್, ಶಿರಹಟ್ಟಿಯ ಹುಡುಗಿಗೆ ವಾಂತಿ. ಇಬ್ಬರನ್ನೂ ಕರೆಸಿದರು. ಅವರು ಬರಲು ಲಾಕ್‌ಡೌನ್ ಪಾಸ್ ಮಾಡಿಸಲು ಅರ್ಧ ದಿನ.

ಹರ್ತಿಯ ಅಲ್ಮಾಸಬಿಗೂ ಮಾಡಿದೆ, ಅಕ್ಕನ ಪಕ್ಕದ ಮನೆಯಾಕೆ, ಬೆನ್ನುಹುರಿ ಕೇಸು. ಎಷ್ಟು ಚೆಂದ ಉತ್ತರ ಕೊಡುತ್ತಾಳೆ! ‘ಇನ್ನೊಂದ ಕೇಳ್ರಿ, ಐದ ಆದವು’ ಅಂತ ತಾನೇ ಎಣಿಸುತ್ತಾಳೆ.

ಅಕ್ಕನಿಗೆ ಎಡ ಭುಜ ಕಂದಿದೆಯಂತೆ. ‘ಏನ ಮಾಡೂದ ಕಾಂಚಿ, ಅಡಗಿಮನಿ ಬಾಗಲಾ ಸಣ್ಣದಾಗೇತಿ ನೋಡು. ದಿನಾ ಬಡೀತೈತಿ.’

‘ಬಾಗಲಾ ಸಣ್ಣದಾಗಿಲ್ಲ, ನೀ ಅಗಲ ಆಗೀದಿ’ ಅಂದೆ.

ಬಿದ್ದು ಬಿದ್ದು ನಕ್ಕಳು. ಆರೂ ‘ಇಲ್ಲ’.

1 ಜೂನ್, ಮಧ್ಯಾಹ್ನ 1

ಸರ್ ಪಟ್ಟಿ ನೋಡಿದರು. ‘ಹದಿನೇಳನೇದು ನಿಮ್ಮ ಅಕ್ಕ ಅಲ್ಲೇನ್ರಿ ಸಿಸ್ಟರ್? ಹೆಂಗದಾರ? ಏನರ ಇದ್ರ ಹೇಳ್ರಿ, ಈ ವಾರ ಒಂದು ಜಾಗಾ ಖಾಲಿ ಐತಿ.’

‘ಆರಾಮ ಅದಾಳ್ರಿ ಸರ್. ಏನೂ ಬದಲಾಗಿಲ್ಲ’ ಅಂದೆ.

ಸ್ಟಾಫ್ ರೂಮಿನಲ್ಲಿ ಜೊತೆಯ ಸಿಸ್ಟರ್ ರೇಷ್ಮಾ ಬೇರೆ ಇದ್ದಳು. ಸಿಸ್ಟರ್ ತನ್ನ ಅಕ್ಕನನ್ನು ಮುಂದೆ ನುಗ್ಗಿಸಿದಳು ಅಂತ ನಾಳೆ ಯಾರೂ ಅನ್ನಬಾರದು. ಆ ಜಾಗ ಬಿಂಕದಕಟ್ಟಿಯ ಒಬ್ಬರಿಗೆ ಹೋಯಿತು. ಒಳ್ಳೆಯದೇ ಆಯಿತು, ಅವರಿಗೆ ನಡೆಯಲು ಆಗುತ್ತಿರಲಿಲ್ಲ.

22 ಜೂನ್, ಸೋಮವಾರ

ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಗ್ರಹಣವೂ ಇತ್ತು. ಅಕ್ಕನಿಗೆ ಸಿಟ್ಟು, ಮಂಜವ್ವನ ಮೇಲೆ. ಮಗಳು ತಾಟಿಗೆ ಪಲ್ಯವನ್ನೇ ಹಾಕಲಿಲ್ಲವಂತೆ. ಹಿಂದಿನಿಂದ ಮಂಜವ್ವ ಕೂಗಿದಳು — ‘ಹಾಕೀನಿ ಚಿಗವ್ವ! ತಾಟಿನ್ಯಾಗ ಐತಿ, ಇಕಿ ಅರ್ಧಾ ತಾಟ ಅಷ್ಟ ಉಣ್ತಾಳ, ಆ ಕಡಿ ನೋಡೂದೇ ಇಲ್ಲ!’

ತಾಯಿ ಮಗಳ ಜಗಳ ಕೇಳಿ ನಕ್ಕು ಸಾಕಾಯಿತು. ಹದಿನಾರು ವರ್ಷದ ಹುಡುಗಿ, ಬಾಯಿ ಮಾತ್ರ ನಲವತ್ತರದ್ದು.

ಆರೂ ‘ಇಲ್ಲ’.

13 ಜುಲೈ

ಮೂವರು ಸಿಸ್ಟರ್‌ಗಳಿಗೆ ಪಾಸಿಟಿವ್. ನನಗೆ ಡಬಲ್ ಡ್ಯೂಟಿ. ಅಕ್ಕನ ಜೊತೆ ಎರಡೇ ನಿಮಿಷ. ಕೌದಿ ಇನ್ನೂ ಸ್ವಲ್ಪ ಉಳಿದಿದೆಯಂತೆ. ‘ದಾರ ಪೋಣಸಾಕ ಮಂಜಿ ಬೇಕ ನೋಡು ಈಗ’ ಅಂದಳು. ವಯಸ್ಸಾಯಿತು ನಿನಗೆ ಅಂದೆ.

21 ಜುಲೈ, ಬೆಳಿಗ್ಗೆ 11.20

ಅಕ್ಕ ಇಲ್ಲಿದ್ದಾಳೆ. ಎಂಟಕ್ಕೆ ಫಿಟ್ಸ್ ಬಂದಿದೆ. ಬಿಟ್ಟು ಬಿಟ್ಟು ಬರುತ್ತಲೇ ಇದೆ. ಭಾವ ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದರು. ಗುರುತು ಹಿಡಿಯಲಿಲ್ಲ ನನ್ನನ್ನು. ಎಡಗಡೆ ನಿಂತಿದ್ದೆ. ಆಮೇಲೆ ಬಲಕ್ಕೆ ಬಂದೆ — ಕಣ್ಣು ಸ್ವಲ್ಪ ಹೊರಳಿತು.

ಸ್ವಾಬ್ ಕಳಿಸಿದ್ದೇವೆ. ರಿಪೋರ್ಟ್ ಇಲ್ಲದೆ ಓಟಿ ಒಳಗೆ ಬಿಡುವಂತಿಲ್ಲ. ಆ ನಿಯಮದ ಹಾಳೆಯನ್ನು ಓಟಿ ಬಾಗಿಲಿಗೆ ಅಂಟಿಸಿದವಳೂ ನಾನೇ.

ಅದೇ ದಿನ, 2.45

ರಿಪೋರ್ಟ್ ಬಂದಿಲ್ಲ. ಸರ್ ಮೂರು ಸಲ ಲ್ಯಾಬಿಗೆ ಫೋನ್ ಮಾಡಿದರು. ಸ್ಕ್ಯಾನಿನಲ್ಲಿ ಗಡ್ಡೆಯ ಸುತ್ತ ಬಾವು, ಮೆದುಳು ಪಕ್ಕಕ್ಕೆ ಸರಿದಿದೆ. ಭಾವ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ. ಒಳಗೆ ಬಿಡುವುದಿಲ್ಲ. ಕಿಟಕಿಯಿಂದ ಕಾಣುತ್ತಾರೆ. ನಾನು ಕೈ ಎತ್ತಿದೆ. ಅವರೂ ಎತ್ತಿದರು.

ಅದೇ ದಿನ, 4.30

ನೆಗೆಟಿವ್. ಒಯ್ದರು.

23 ಜುಲೈ

ಬೆಳಿಗ್ಗೆ ಏಳೂ ಹತ್ತಕ್ಕೆ.

25 ಜುಲೈ, ಪಂಚಮಿ

ಶೇಂಗಾ ಉಂಡಿ ಕಟ್ಟಿಟ್ಟಿದ್ದೆ, ಹೋದ ವಾರವೇ. ಡಬ್ಬಿ ಹಾಗೇ ಇದೆ.

ಅಕ್ಕಾ.

14 ಫೆಬ್ರವರಿ 2022, ಸೋಮವಾರ

ನಮ್ಮ ಬೆಟಗೇರಿಯ ಮನೆಗೆ ಸುಣ್ಣ ಹೊಡೆಸಲು ಸಾಮಾನು ಹೊರಗೆ ಹಾಕಿದಾಗ ಈ ನೋಟುಬುಕ್ ಸಿಕ್ಕಿತು. ಮತ್ತೆ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಇವತ್ತು ಯಾರಿಗೂ ಹೇಳಲಾಗದ್ದು ಒಂದಿದೆ, ಅದಕ್ಕೆ.

ಸ್ಟಡಿ ಬರೆದಾಗಿದೆ. ಸರ್ ಕರಡು ಕೊಟ್ಟು, ಅಂಕಿ ಸಂಖ್ಯೆ ತಾಳೆ ನೋಡಿ ಸಹಿ ಮಾಡಿ ಅಂದರು. ನಲವತ್ತಾರರಲ್ಲಿ ಹನ್ನೊಂದು ಜನರನ್ನು ಫೋನಿನಿಂದಲೇ ಕಂಡುಹಿಡಿದು ಕರೆಸಿದ್ದೇವೆ, ಹನ್ನೊಂದೂ ಜನ ಬದುಕಿದ್ದಾರೆ. ಓದುವಾಗ ಹೆಮ್ಮೆ ಆಯಿತು, ಖಂಡಿತ ಆಯಿತು. ಆಮೇಲೆ ಮೂರನೇ ಪುಟ. ‘ರೋಗಿ ಸಂಖ್ಯೆ 17: ಹದಿನೈದು ವಾರಗಳ ದೂರವಾಣಿ ವಿಚಾರಣೆಯಲ್ಲಿ ಯಾವುದೇ ಲಕ್ಷಣ ವರದಿಯಾಗಿಲ್ಲ. ಮುನ್ಸೂಚನೆಯಿಲ್ಲದೆ ಹಠಾತ್ ಮರಣ.’

ಮುನ್ಸೂಚನೆಯಿಲ್ಲದೆ.

ಹಿಂದಿನ ಪುಟಗಳನ್ನು ತಿರುವಿದೆ. ಬಾಗಿಲು. ತಾಟು. ದಾರ. ನನ್ನದೇ ಅಕ್ಷರ, ದುಂಡಗೆ, ನಗುನಗುತ್ತಾ ಬರೆದದ್ದು. ಬಲಗಡೆ ಹಿಂದೆ ಗಡ್ಡೆ ಇದ್ದವರಿಗೆ ಎಡಗಡೆಯ ಜಗತ್ತು ಕಾಣದೆ ಹೋಗುತ್ತದೆ, ಕಾಣುತ್ತಿಲ್ಲ ಎಂಬುದೂ ಅವರಿಗೆ ತಿಳಿಯದು. ನ್ಯೂರೋ ವಾರ್ಡಿನಲ್ಲಿ ಒಂಬತ್ತು ವರ್ಷ ಇದ್ದವಳು ನಾನು. ಹೊಸ ಸಿಸ್ಟರ್‌ಗಳಿಗೆ ಇದನ್ನೇ ಕಲಿಸುತ್ತೇನೆ, ಅರ್ಧ ತಾಟಿನ ಉದಾಹರಣೆ ಕೊಟ್ಟು.

ಸಹಿ ಮಾಡಿಲ್ಲ. ನಾಳೆ ಅಂದೆ.

17 ಫೆಬ್ರವರಿ

‘ನಾಳೆ’ ಆಗಿ ಮೂರು ದಿನವಾಯಿತು. ಸಹಿ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಸರ್ ಮುಂದೆ, ರೇಷ್ಮಾ ಮುಂದೆ, ಭಾವನ ಮುಂದೆ ಏನೆಂದು ನಿಲ್ಲಲಿ? ಕೆಲಸ ಹೋದೀತು ಎಂಬ ಹೆದರಿಕೆ ಅಷ್ಟಿಲ್ಲ. ಭಾವ ಕೇಳಿದರೆ?

ಆದರೆ ಮುಂದೆ ಯಾವ ಊರಲ್ಲೋ ಯಾವ ಸಿಸ್ಟರೋ ಇದನ್ನು ಓದಿ, ಲಕ್ಷಣವೇ ಇರುವುದಿಲ್ಲವಂತೆ, ಕೇಳಿ ಏನು ಉಪಯೋಗ ಅಂದುಕೊಂಡರೆ…

20 ಫೆಬ್ರವರಿ, ಭಾನುವಾರ, ಸಂಜೆ 5

ಹರ್ತಿಗೆ ಹೋಗಿ ಬಂದೆ. ಭಾವ ಹೊಲಕ್ಕೆ ಹೋಗಿದ್ದರು, ಕಡಲೆ ಕೀಳುವ ಕೆಲಸ. ಮಂಜವ್ವ ಒಬ್ಬಳೇ ಇದ್ದಳು. ದೊಡ್ಡವಳಾಗಿದ್ದಾಳೆ. ರೊಟ್ಟಿ ಬಡಿಯುವಾಗ ಥೇಟ್ ಅಕ್ಕನ ಕೈ.

ಟ್ರಂಕಿನಿಂದ ಕೌದಿ ತೆಗೆದಳು. ‘ನಿನ್ನ ಸಲುವಾಗಿ ಹೊಲದಿದ್ದು ಚಿಗವ್ವ. ನೀ ಬರಲೇ ಇಲ್ಲ.’

ನೆಲಕ್ಕೆ ಹಾಸಿ ನೋಡಿದೆ. ಮೇಲಿನ ಅರ್ಧದಲ್ಲಿ ಹೊಲಿಗೆ ಗೆರೆ ಎಳೆದಂತೆ ನೆಟ್ಟಗಿದೆ, ಅಕ್ಕನ ಕೈಯೇ ಹಾಗೆ. ಕೆಳಗೆ ಬರುತ್ತ ಬರುತ್ತ ಹೊಲಿಗೆ ಎಡ ಅಂಚು ಮುಟ್ಟುವುದಿಲ್ಲ. ಮೊದಲು ಒಂದು ಬೆರಳು ಬಿಟ್ಟಿದೆ. ಆಮೇಲೆ ನಾಲ್ಕು ಬೆರಳು. ಕೊನೆಗೆ ಎರಡು ಗೇಣು ಬಟ್ಟೆ ಹಾಗೇ ಸಡಿಲ, ಅವ್ವನ ಹಸಿರು ಸೀರೆ ಒಳಗಿನಿಂದ ಹೊರಗೆ ಬಂದಿದೆ. ಏಪ್ರಿಲ್, ಮೇ, ಜೂನ್, ಜುಲೈ. ನಾನು ‘ಇಲ್ಲ, ಇಲ್ಲ’ ಅಂತ ತುಂಬಿದ್ದೆಲ್ಲ ಇಲ್ಲಿ ‘ಹೌದು’ ಅಂತಿದೆ.

ಬೆರಳಿಟ್ಟು ಅಳೆಯುತ್ತಿದ್ದೆ. ಮಂಜವ್ವ ಅಂದಳು:

‘ಒಂದ ಮಾತ ಕೇಳ್ಲಿ ಚಿಗವ್ವ? ಬಾಜೂ ಮನಿ ಅಲ್ಮಾಸಬಿ ಚಾಚಿಗೆ ಪ್ರತಿ ಸೋಮವಾರ ಆರು ಪ್ರಶ್ನಿ ಕೇಳ್ತಿದ್ದಿ. ಅವ್ವಗ ಯಾಕ ಕೇಳ್ತಿದ್ದಿಲ್ಲ?’

‘ಅಕ್ಕ ಅಲ್ಲೇನವಾ… ನಾಚಿಕಿ ಬಂತು’ ಅಂದೆ.

‘ಅವ್ವ ಹಾದಿ ಕಾಯ್ತಿದ್ಲು. ಚಾಚಿ ಬಂದು ಇವತ್ತ ಸಿಸ್ಟರ್ ಇದನ್ನ ಕೇಳಿದ್ರು, ಅದನ್ನ ಕೇಳಿದ್ರು ಅಂತ ಹೇಳಾಕಿ. ನಾ ಅವ್ವಗ ಅಂದೆ, ನೀನ ಹೇಳ ಅಕಿಗೆ, ತಲಿ ಸಿಡೀತೈತಿ ಅಂತ, ಗ್ವಾಡಿಗೆ ಹೋಗಿ ಬಡಕೋತೀನಿ ಅಂತ. ಅದಕ್ಕ ಅವ್ವ ಏನಂದ್ಲು ಗೊತ್ತೈತೇನ? “ನಮ್ಮ ಕಾಂಚಿಗೆ ಎಲ್ಲಾ ತಿಳೀತೈತಿ ಲೇ. ಚಾಚೀನ್ನ ಕೇಳ್ತಾಳ, ನನ್ನ ಕೇಳೂದಿಲ್ಲ ಅಂದ್ರ ನಂದು ದೊಡ್ಡ ಬ್ಯಾನಿ ಅಲ್ಲ. ಇದ್ದಿದ್ರ ಕೇಳ್ತಿದ್ಲು.” ಹಂಗಂತ ಸುಮ್ಮನಾದ್ಲು.’

ಮಂಜವ್ವನಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಬಿಸಿ ರೊಟ್ಟಿ, ಹಿಂಡಿ ಪಲ್ಯ ತಾಟಿಗೆ ಹಾಕಿ ‘ಉಣ್ಣು ಬಾ’ ಅಂದಳು. ಉಂಡೆ.

ನಾಚಿಕೆ ಅಂದದ್ದೂ ಪೂರ್ತಿ ಖರೆ ಅಲ್ಲ. ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಹೆದರಿಕೆ ಇತ್ತು. ಕೇಳಿದರೆ ‘ಹೌದು’ ಅಂದುಬಿಟ್ಟಾಳು ಎಂಬ ಹೆದರಿಕೆ. ಕೇಳದಿದ್ದರೆ ಆಕೆ ಆರಾಮವಾಗಿಯೇ ಇರುತ್ತಿದ್ದಳು, ನನ್ನ ಪಾಲಿಗೆ.

21 ಫೆಬ್ರವರಿ, ಸೋಮವಾರ, ಬೆಳಿಗ್ಗೆ 10

ಸರ್ ಮುಂದೆ ಕೌದಿ ಹಾಸಿದೆ. ಟೇಬಲ್ ಸಾಲಲಿಲ್ಲ, ನೆಲಕ್ಕೇ ಹಾಸಿದೆ. ಹೇಳಿದೆ. ಆರು ಪ್ರಶ್ನೆ ಒಂದು ವಾರವೂ ಕೇಳಿಲ್ಲ ಸರ್, ಎಲ್ಲ ನಾನೇ ತುಂಬಿದ್ದು.

ಬೈಯುತ್ತಾರೆ ಅಂದುಕೊಂಡಿದ್ದೆ. ಕೆಳಗೆ ಕೂತರು. ಹೊಲಿಗೆಯ ಮೇಲೆ ಬೆರಳಾಡಿಸಿ, ಅಂಚು ಬಿಟ್ಟಲ್ಲಿ ನಿಂತರು. ‘ಜೂನ್ ಒಂದಕ್ಕ ಜಾಗಾ ಖಾಲಿ ಇತ್ತಲ್ರಿ’ ಅಂದರು, ನನಗಲ್ಲ, ತಮಗೇ ಅಂದುಕೊಂಡಂತೆ. ನನಗೆ ಆಗ ಅಳು ಬಂತು. ಒಂದೂವರೆ ವರ್ಷದಲ್ಲಿ ಮೊದಲ ಸಲ ಜನರ ಎದುರಿಗೆ.

ಆಮೇಲೆ ಖಾಲಿ ಫಾರ್ಮ್ ಒಂದು ತೆಗೆದುಕೊಟ್ಟರು. ‘ಹಳೇದನ್ನ ಹೊಡದು ಹಾಕ್ರಿ. ಇದ್ದದ್ದನ್ನ ಬರೀರಿ, ಯಾರ ಹೇಳಿದ್ರು ಅಂತನೂ ಬರೀರಿ. ‘ಮುನ್ಸೂಚನೆಯಿಲ್ಲದೆ’ ಅನ್ನೂ ಮಾತು ನಾ ಪೇಪರಿನ್ಯಾಗ ತಿದ್ದತೀನಿ. ಅದರಾಗ ನಿಮ್ಮ ಹೆಸರು ಇರೂ ವಿಚಾರ ಆಮ್ಯಾಲೆ ನೋಡೂಣು.’ ಭಾವನಿಗೆ ನೀವೇ ಹೇಳಬೇಕು ಅಂದರು. ಹೂಂ ಅಂದೆ.

ಅದೇ ದಿನ, 11.30

ಫೋನಿನ ಮುಂದೆ ಅದೇ ಕುರ್ಚಿ. ಸಂಜೆ ಹರ್ತಿಗೆ ಹೋಗುತ್ತೇನೆ. ಭಾವ ಹೊಲದಿಂದ ಬರುವ ಹೊತ್ತಿಗೆ ಹೊಸ್ತಿಲ ಮೇಲೆ ಕೂತಿರುತ್ತೇನೆ.

ಅದಕ್ಕೂ ಮೊದಲು ಫಾರ್ಮ್. ಮಂಜವ್ವನಿಂದ ಕೇಳಿದ್ದನ್ನು ತುಂಬಬೇಕು. ಆದರೆ ಒಂದು ಸಲ, ಒಂದೇ ಸಲ, ಯಾರನ್ನು ಕೇಳಬೇಕಿತ್ತೋ ಆಕೆಯನ್ನೇ ಕೇಳಿ ಆಮೇಲೆ ತುಂಬುತ್ತೇನೆ.

ಸಾಲು 17. ಹೆಸರು ಸಾವಕ್ಕ. ಊರು ಹರ್ತಿ.

ಅಕ್ಕಾ, ನಾನು ಕಾಂಚಿ. ಸ್ಪೀಕರ್ ಬಂದ್ ಮಾಡು. ಆರು ಪ್ರಶ್ನಿ ಅದಾವು, ಒಂದೊಂದ ಕೇಳ್ತೀನಿ, ನಾಚಬ್ಯಾಡ. ತಲಿನೋವು ಮದ್ಲಿಗಿಂತ ಹೆಚ್ಚಾಗೇತೇನ? ವಾಂತಿ ಬರ್ತೈತೇನ? ಫಿಟ್ಸ್? ಕೈಕಾಲಾಗ ಶಕ್ತಿ ಐತಿಲ್ಲೊ? ಕಣ್ಣು, ಅಕ್ಕಾ, ಎಡಗಡಿಗೆ ನಿನಗ ನಾ ಕಾಣ್ತೀನೇನ?