ಎಂಬತ್ತಮೂರನೇ ಪುಟಕ್ಕೆ ಚೀಟಿ ಅಂಟಿಸಿದವಳು ನಾನೇ

ಪಠ್ಯಪುಸ್ತಕ ಅನುಮೋದನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಒಂಬತ್ತನೇ ತರಗತಿಯ ಇತಿಹಾಸ ಪುಸ್ತಕದಲ್ಲಿ ತಾವು ಚೀಟಿ ಅಂಟಿಸಿ ಮುಚ್ಚಿಸಿದ ಸಾಲು ಮತ್ತೆ ಬಾಯಿ ತೆರೆದಿದೆಯೆಂದು ನಮ್ಮ ಉಗ್ರಾಣಕ್ಕೆ ನೋಟಿಸು ಕಳಿಸಿದ್ದೀರಿ. ಅಂಟು ಕಳಪೆಯಂತೆ. ಅಂಟು ಕಾಯಿಸುವ ಮುದುಕಮ್ಮನನ್ನು ಕೆಲಸದಿಂದ ತೆಗೆಯಬೇಕಂತೆ. ದೇವರು ಮೆಚ್ಚುವ ಮಾತಲ್ಲ ಇದು. ಆಕೆ ಕಾಯಿಸಿದ ಅಂಟಿನಲ್ಲಿ ಕದವನ್ನೇ ಗೋಡೆಗೆ ಅಂಟಿಸಬಹುದು. ತಪ್ಪು ನನ್ನದು.

ಇಪ್ಪತ್ತಾರು ವರ್ಷಗಳಿಂದ ತಮ್ಮ ಸಮಿತಿ ಇತಿಹಾಸವನ್ನು ಅಂಗೀಕರಿಸುತ್ತಿದೆ, ನಾವು ಎಂಟು ಮಂದಿ ಹೆಂಗಸರು ಅದನ್ನು ಅಂಟಿಸುತ್ತಿದ್ದೇವೆ. ಪಂಡಿತರೊಬ್ಬರು ಬರೆಯುತ್ತಾರೆ, ಇನ್ನಿಬ್ಬರು ತಿದ್ದುತ್ತಾರೆ, ತಾವು ಮೊಹರು ಒತ್ತುತ್ತೀರಿ, ಪುಸ್ತಕ ಅಚ್ಚಾಗುತ್ತದೆ. ಅಷ್ಟರಲ್ಲಿ ಸರ್ಕಾರ ಬದಲಾಗಿರುತ್ತದೆ. ಮತ್ತೆ ಅಚ್ಚು ಹಾಕಿಸಲು ಪುರುಸೊತ್ತೆಲ್ಲಿ? ಹೊಸ ಸಾಲು ಅಚ್ಚಾದ ಚೀಟಿ ಬರುತ್ತದೆ, ಹಳೆಯದರ ಮೇಲೆ ಅಂಟಿಸುತ್ತೇವೆ. ನಾನು ಕೆಲಸಕ್ಕೆ ಸೇರಿದಾಗ ಒಬ್ಬ ರಾಜ ಮಹಾದಾನಿಯಾಗಿದ್ದ. ಎರಡೇ ವರ್ಷಕ್ಕೆ ಪ್ರಜಾಪೀಡಕನಾದ. ಮುಂದಿನ ಚೀಟಿಯಲ್ಲಿ ಮತ್ತೆ ದಾನ ಶುರುಮಾಡಿದ. ಪ್ರತಿ ಸಲವೂ ತಮ್ಮದೇ ಮೊಹರು! ಸತ್ತು ಮುನ್ನೂರು ವರ್ಷವಾದ ಮೇಲೂ ಹೀಗೆ ಸ್ವಭಾವ ಬದಲಿಸುವ ಗಂಡಸನ್ನು ನಾನು ಕಂಡಿಲ್ಲ. ನನ್ನ ಯಜಮಾನರು ಬದುಕಿದ್ದೂ ಒಂದು ಅಭ್ಯಾಸ ಬಿಟ್ಟಿಲ್ಲ. ಐದು ಚೀಟಿ ಹೊತ್ತು ಆ ಪುಸ್ತಕ ಉಬ್ಬಿದ ರೀತಿಗೆ ನಾವು ಅದನ್ನು ಬಸುರಿ ಪುಸ್ತಕವೆಂದೇ ಕರೆಯುತ್ತಿದ್ದೆವು. ಆದರೂ ಒಂದು ದಿನ ದೂರಲಿಲ್ಲ. ಚೀಟಿಯಡಿ ಇರುವುದು ದೇವರಿಗೆ ಹೇಗೂ ಕಾಣುತ್ತದೆ.

ಈ ವರ್ಷದ ಚೀಟಿ ಎಂಬತ್ತಮೂರನೇ ಪುಟಕ್ಕೆ ಬಂತು. ಅಲ್ಲಿದ್ದ ಸಾಲು ಇದು: ‘ಗಿರಣಿಯ ನಲವತ್ತು ಮಂದಿ ಹೆಣ್ಣಾಳುಗಳು ಹಸುಗೂಸುಗಳೊಡನೆ ಮೂರು ದಿನ ಬಾಗಿಲಿಗೆ ಅಡ್ಡ ಕುಳಿತ ಮೇಲೆ ಕೆಲಸದ ಅವಧಿ ಎಂಟು ಗಂಟೆಗೆ ಇಳಿಯಿತು.’ ಚೀಟಿಯಲ್ಲಿರುವುದು: ‘ಸರ್ಕಾರದ ಔದಾರ್ಯದಿಂದ ಕೆಲಸದ ಅವಧಿ ಎಂಟು ಗಂಟೆಗೆ ಇಳಿಯಿತು.’

ಮಾನ್ಯರೇ, ಆ ನಲವತ್ತರಲ್ಲಿ ಒಬ್ಬಳು ನನ್ನ ಅವ್ವ. ಆ ಹಸುಗೂಸುಗಳಲ್ಲಿ ಒಂದು ಈಗ ತಮಗೆ ಪತ್ರ ಬರೆಯುತ್ತಿದೆ.

ಅವ್ವನಿಗೆ ಓದು ಬಾರದು. ಹೋದ ವರ್ಷ ನನ್ನ ಕಿರಿಮಗಳು ಪಾಠ ಓದುತ್ತಿದ್ದವಳು ಕುಣಿದುಬಿಟ್ಟಳು. “ಅಜ್ಜೀ, ನಿನ್ನ ಮೇಲೆ ಎರಡು ಅಂಕದ ಪ್ರಶ್ನೆ ಇದೆ!”

“ಎರಡೇನಾ? ಮೂರು ದಿನ ಕೂತಿದ್ದೀನಿ ಕಣೇ, ಮೂರಾದ್ರೂ ಕೊಡ್ಬೇಕಿತ್ತು!”

ಅಂದಿನಿಂದ ಮನೆಗೆ ಯಾರೇ ಬರಲಿ, ಹಾಲಿನವನೇ ಬರಲಿ, ಅವ್ವ ಪುಸ್ತಕ ತರಿಸಿ ಆ ಸಾಲಿನ ಮೇಲೆ ಬೆರಳಿಡುತ್ತಾಳೆ. ಜಾಗ ತಪ್ಪುವುದಿಲ್ಲ.

ನಿಯಮ ನನಗೆ ಗೊತ್ತು: ನಾಲ್ಕೂ ಅಂಚಿಗೆ ಅಂಟು, ನಡುವೆ ಒಂದು ಗೀಟು. ದಿನದಂತೆ ದೇವರನ್ನು ನೆನೆದು ಬ್ರಷ್ಷು ಹಿಡಿದೆ. ಅದು ಮೇಲಿನ ಅಂಚೊಂದಕ್ಕೆ ಹಚ್ಚಿ ಸುಮ್ಮನಾಯಿತು. ನನ್ನ ಮೇಜಿನ ಅಷ್ಟೂ ಪುಸ್ತಕಗಳಲ್ಲಿ ಆ ಚೀಟಿ ಕಿಟಕಿಯ ಪರದೆಯಂತೆ ಏಳುತ್ತದೆ.

ಆದದ್ದೇನು? ಮಗಳ ಮೇಡಂ ದಾರಿಯಲ್ಲಿ ಸಿಕ್ಕಿ ನಕ್ಕೂ ನಕ್ಕೂ ಹೇಳಿದರು: “ನನ್ನ ಸರ್ವೀಸಲ್ಲೇ ಈ ಪಾಠ ಯಾರೂ ನೆಟ್ಟಗೆ ಓದಿರ್ಲಿಲ್ಲಮ್ಮ. ಈಗ ಚೀಟಿ ಎತ್ತೆತ್ತಿ ನೋಡಿ ಕೊನೇ ಬೆಂಚಿನೋರೂ ಬಾಯಿಪಾಠ ಒಪ್ಪಿಸ್ತಾರೆ!”

ಆದ್ದರಿಂದ ನನ್ನ ಬೇಡಿಕೆ. ಮುದುಕಮ್ಮನ ಕೆಲಸ ಮುಟ್ಟಬೇಡಿ. ಮುಂದಿನ ಮುದ್ರಣದಲ್ಲಿ ಆ ಸಾಲು ತಮ್ಮ ಮೊಹರಿನೊಡನೆ ರಾಜಾರೋಷವಾಗಿ ಬರಲಿ. ಆಗದಿದ್ದರೆ ದಯಮಾಡಿ ಪುಸ್ತಕದ ಎಲ್ಲ ಪುಟಕ್ಕೂ ಚೀಟಿ ಕಳಿಸಿ, ಮಕ್ಕಳು ಪೂರ್ತಿ ಓದಿಕೊಳ್ಳಲಿ.

ಅದೂ ಒಪ್ಪಿಗೆಯಿಲ್ಲವೇ? ಹಾಗಾದರೆ ಸಮಿತಿಯವರೆಲ್ಲ ನಮ್ಮ ಮನೆಗೆ ಬನ್ನಿ. ಔದಾರ್ಯದ ಸಂಗತಿಯನ್ನು ಅವ್ವನಿಗೆ ತಾವೇ ಓದಿ ಹೇಳಿ. ಆಕೆ ಕೇಳುವ ಪ್ರಶ್ನೆಯನ್ನು ಈಗಲೇ ತಿಳಿಸಿಬಿಡುತ್ತೇನೆ, ಉತ್ತರ ಸಿದ್ಧಮಾಡಿಕೊಂಡು ಬನ್ನಿ: “ಆ ಮೂರು ದಿನ ನೀವು ಯಾವ ಕಡೆ ಕೂತಿದ್ರಪ್ಪಾ? ನಾನು ನೋಡ್ಲೇ ಇಲ್ವಲ್ಲ!”

ಇಂತಿ,
ಕೆಲಸ ಉಳಿದರೆ, ತಮ್ಮ ಉಗ್ರಾಣದ ಎರಡನೇ ಮೇಜಿನವಳು;
ಉಳಿಯದಿದ್ದರೆ, ಎಂಬತ್ತಮೂರನೇ ಪುಟದ ಹಸುಗೂಸು